ಕಿವಿಗೆ ಬೀಳುವ ಅಂಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಗದದ ಮೇಲೆ 105 ಎಂದು ಬರೆದರೆ ಲಂಡನ್ನಿನವರಿಗೂ ಷಿಕಾಗೋದವರಿಗೂ ಅದು ಒಂದೇ ಸಂಖ್ಯೆ. ಬಾಯಿಬಿಟ್ಟು ಹೇಳುವಾಗ ಮಾತ್ರ ದಾರಿ ಬೇರೆಯಾಗುತ್ತದೆ. ಬ್ರಿಟನ್ನಿನವರು ‘ಒನ್ ಹಂಡ್ರೆಡ್ ಅಂಡ್ ಫೈವ್’ ಎನ್ನುತ್ತಾರೆ. ಅಮೆರಿಕದವರಲ್ಲಿ ಅನೇಕರು ನಡುವಿನ ‘ಅಂಡ್’ ಅನ್ನು ಬಿಟ್ಟು ‘ಒನ್ ಹಂಡ್ರೆಡ್ ಫೈವ್’ ಎನ್ನುತ್ತಾರೆ. ಇದನ್ನು ಉಚ್ಚಾರದ ಅವಸರವೆಂದು ತಳ್ಳಿಹಾಕುವುದು ಸರಿಯಲ್ಲ. ಅಮೆರಿಕದ ಅನೇಕ ಶಾಲೆಗಳಲ್ಲಿ ‘ಅಂಡ್’ ಎಂಬ ಮಾತನ್ನು ದಶಾಂಶ ಬಿಂದುವಿಗೆಂದೇ ಕಾದಿರಿಸಿ ಕಲಿಸುತ್ತಾರೆ. ಅಲ್ಲಿ ನೂರೈದು ಡಾಲರ್ ಐವತ್ತು ಸೆಂಟಿಗೆ ಚೆಕ್ ಬರೆಯುವವರು ‘ಒನ್ ಹಂಡ್ರೆಡ್ ಫೈವ್ ಅಂಡ್’ ಎಂದು ಅಕ್ಷರದಲ್ಲಿ ಬರೆದು, ಅದರ ಮುಂದೆ 50/100 ಎಂದು ಕಾಣಿಸುತ್ತಾರೆ. ಡಾಲರಿನ ಲೆಕ್ಕ ಮುಗಿಯಿತು, ಇನ್ನು ಬರುವುದು ಸೆಂಟು ಎಂದು ತಿಳಿಸುವುದೇ ಆ ‘ಅಂಡ್’ ಮಾಡುವ ಕೆಲಸ. ಕನ್ನಡದಲ್ಲಿ ‘ನೂರ ಐದು’, ‘ಸಾವಿರದ ಐದು’ ಎನ್ನುವಾಗ ಷಷ್ಠೀ ವಿಭಕ್ತಿಯೇ ಎರಡನ್ನೂ ಬೆಸೆಯುವುದರಿಂದ ಈ ತೊಡಕು ನಮಗೆ ಹೊಸದಾಗಿ ಕಾಣುತ್ತದೆ.

2500 ಎಂಬುದನ್ನು ಅಮೆರಿಕದವರು ‘ಟ್ವೆಂಟಿ ಫೈವ್ ಹಂಡ್ರೆಡ್’, ಅಂದರೆ ಇಪ್ಪತ್ತೈದು ನೂರು, ಎಂದು ಸಲೀಸಾಗಿ ಹೇಳುತ್ತಾರೆ. ಬ್ರಿಟನ್ನಿನಲ್ಲಿ ‘ಟೂ ಥೌಸಂಡ್ ಫೈವ್ ಹಂಡ್ರೆಡ್’ ಎಂಬುದೇ ಹೆಚ್ಚು ರೂಢಿ.

ದೂರವಾಣಿ ಸಂಖ್ಯೆಯಲ್ಲಿ 4400 ಎಂದು ಬಂದರೆ ಬ್ರಿಟನ್ನಿನವರು ‘ಡಬಲ್ ಫೋರ್, ಡಬಲ್ ಓ’ ಎನ್ನುತ್ತಾರೆ. ನಾವು ಕಲಿತದ್ದೂ ಆ ಇಂಗ್ಲಿಷನ್ನೇ ಆದ್ದರಿಂದ ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಗ್ರಾಹಕರೊಡನೆ ಫೋನಿನಲ್ಲಿ ಮಾತಾಡುವ ಹುಡುಗ ಹುಡುಗಿಯರ ಬಾಯಿಗೂ ‘ಡಬಲ್’ ತಾನಾಗಿಯೇ ಬರುತ್ತದೆ. ಆದರೆ ಆಚೆ ಕಡೆಯವರು ಒಂದೊಂದೇ ಅಂಕಿಯನ್ನು ನಿರೀಕ್ಷಿಸುತ್ತಾ ಬರೆದುಕೊಳ್ಳುತ್ತಿರುತ್ತಾರೆ. ‘ಡಬಲ್’ ಎಂದು ಕೇಳಿದೊಡನೆ ಅವರ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ‘ಫೋರ್, ಫೋರ್, ಝೀರೋ, ಝೀರೋ’ ಎಂದು ಬಿಡಿಬಿಡಿಯಾಗಿ ಹೇಳಿದರೆ ಯಾವ ದೇಶದವರಿಗೂ ತೊಂದರೆಯಿಲ್ಲ.

ಗಂಟೆಯ ಮಾತಿನಲ್ಲಿ ಬ್ರಿಟನ್ನಿನವರ ‘ಹಾಫ್ ಫೈವ್’ ನಮ್ಮ ‘ಐದೂವರೆ’ಯೇ, ಕಳೆದ ಗಂಟೆಯನ್ನು ಹೆಸರಿಸಿ ಅರ್ಧವನ್ನು ಕೂಡಿಸುವ ಕ್ರಮ ಎರಡರಲ್ಲೂ ಒಂದೇ. ಅಮೆರಿಕದವರು ‘ಫೈವ್ ಥರ್ಟಿ’ ಎಂದುಬಿಡುತ್ತಾರೆ. ಜರ್ಮನ್ನರಾದರೋ ‘ಅರ್ಧ ಐದು’ ಎಂದು ನಾಲ್ಕೂವರೆಗೆ ಹೇಳುತ್ತಾರೆ, ಏಕೆಂದರೆ ಅವರ ಗಮನ ಬರಲಿರುವ ಗಂಟೆಯ ಮೇಲೆ.

ಇವೆಲ್ಲವೂ ಕೇಳಿ ತಿದ್ದಿಕೊಳ್ಳಬಹುದಾದ ವ್ಯತ್ಯಾಸಗಳು. ‘ಬಿಲಿಯನ್’ ಹಾಗಲ್ಲ, ಅಲ್ಲಿ ಉಚ್ಚಾರ ಒಂದೇ ಆಗಿದ್ದು ಬೆಲೆಯೇ ಬೇರೆಯಾಗಿತ್ತು. ಅಮೆರಿಕದ ಬಿಲಿಯನ್ ನೂರು ಕೋಟಿ. ಬ್ರಿಟನ್ನಿನ ಹಳೆಯ ಬಿಲಿಯನ್ ಮಿಲಿಯನ್ನಿನ ಮಿಲಿಯನ್ ಪಟ್ಟು, ಅಂದರೆ ಒಂದು ಲಕ್ಷ ಕೋಟಿ. ಸಾವಿರ ಪಟ್ಟಿನ ಅಂತರ! 1974ರ ಡಿಸೆಂಬರಿನಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರು, ತಮ್ಮ ಮಂತ್ರಿಗಳು ಈ ಪದವನ್ನು ಸಾವಿರ ಮಿಲಿಯನ್ ಎಂಬ ಅರ್ಥದಲ್ಲಿಯೇ ಬಳಸುವರೆಂದು ಪಾರ್ಲಿಮೆಂಟಿಗೆ ಲಿಖಿತವಾಗಿ ತಿಳಿಸಿದರು. ನಮ್ಮ ಪತ್ರಿಕೆಗಳು ಇಂದು ಬಿಲಿಯನ್ನಿಗೆ ‘ಶತಕೋಟಿ’ ಎಂದು ಬರೆಯುವುದು ಸರಿಯಾಗಿಯೇ ಇದೆ. ಆದರೆ ಹಳೆಯ ಬ್ರಿಟಿಷ್ ಪುಸ್ತಕವೊಂದನ್ನು ಕನ್ನಡಕ್ಕೆ ತರುವವರು ಮೊದಲು ಅದು ಅಚ್ಚಾದ ವರ್ಷವನ್ನು ನೋಡಿಕೊಳ್ಳಬೇಕು, ಇಲ್ಲವಾದರೆ ಮೂರು ಸೊನ್ನೆಗಳು ಸದ್ದಿಲ್ಲದೆ ಕಳೆದುಹೋಗುತ್ತವೆ.

ಅಂಕಿ ತಪ್ಪಿದರೆ ಪ್ರಾಣಕ್ಕೇ ಕುತ್ತು ಬರುವ ಕಡೆ ಜನ ಕುಳಿತು ಒಪ್ಪಂದ ಮಾಡಿಕೊಂಡಿದ್ದಾರೆ. ವಿಮಾನ ಚಾಲಕರು ರೇಡಿಯೋದಲ್ಲಿ 9 ಅನ್ನು ‘ನೈನರ್’ ಎನ್ನುತ್ತಾರೆ, ಗರಗರ ಸದ್ದಿನ ನಡುವೆ ‘ನೈನ್’ ಮತ್ತು ‘ಫೈವ್’ ಒಂದೇ ಬಗೆಯಾಗಿ ಕೇಳಿಸಬಾರದೆಂದು. ಅಷ್ಟು ಎಚ್ಚರದಿಂದ ರೂಪಿಸಿದ ಆ ಭಾಷೆಯಲ್ಲಿಯೂ 118.1 ಎಂಬ ರೇಡಿಯೋ ಕಂಪನಾಂಕವನ್ನು ಹೇಳುವಾಗ ಬ್ರಿಟನ್ನಿನ ಚಾಲಕರು ಅಂತರರಾಷ್ಟ್ರೀಯ ನಿಯಮದಂತೆ ‘ಡೆಸಿಮಲ್’ ಎನ್ನುತ್ತಾರೆ, ಅಮೆರಿಕದವರು ಇಂದಿಗೂ ‘ಪಾಯಿಂಟ್’ ಎನ್ನುತ್ತಾರೆ.

ನಮಸ್ಕಾರ.