ಸೆಪ್ಟೆಂಬರ್‌ನಲ್ಲಿ ಬಂದ ಆ ಕಾಗದ ಬಿಚ್ಚಿದಿರಾ?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡದ ಹಿರಿಯರೇ, ಹಿರಿಯರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್, ಅದರ ಕಾರ್ಡ್ ಇರುವವರೇ, ಇವತ್ತಿನ ಮಾತು ನಿಮಗೆ. ಪಕ್ಕದಲ್ಲಿ ಮಗನೋ ಸೊಸೆಯೋ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ. ಕಂಪ್ಯೂಟರ್ ಕೆಲಸ ಸ್ವಲ್ಪ ಇದೆ.

ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಮುಂದಿನ ವರ್ಷದ ವಿಮೆ ಪ್ಲಾನ್ ಆರಿಸುವ ಅವಧಿ, ಅಂದರೆ ಓಪನ್ ಎನ್‌ರೋಲ್‌ಮೆಂಟ್. ಈಗ ಪ್ಲಾನ್ ಬದಲಾಯಿಸಿದರೆ ಹೊಸದು ಜನವರಿ 1ರಿಂದ ಶುರು. ಏನೂ ಮಾಡದಿದ್ದರೆ ಹಳೆಯದೇ ಮುಂದುವರಿಯುತ್ತದೆ. ಜನ ಏಮಾರುವುದು ಇಲ್ಲೇ. ಹೆಸರು ಮಾತ್ರ ಹಳೆಯದು. ಪ್ರೀಮಿಯಂ, ಔಷಧಿಗಳ ಪಟ್ಟಿ, ಡಾಕ್ಟರ್‌ಗಳ ನೆಟ್‌ವರ್ಕ್, ಫಾರ್ಮಸಿ, ಇವೆಲ್ಲ ವರ್ಷ ವರ್ಷ ಬದಲಾಗಬಹುದು. ಏನು ಬದಲಾಯಿತು ಅಂತ ವಿಮಾ ಕಂಪನಿಯವರು ಸೆಪ್ಟೆಂಬರ್‌ನಲ್ಲೇ ನಿಮಗೆ ತಿಳಿಸಿರುತ್ತಾರೆ. ಆ ಕಾಗದದ ಮೇಲೆ ‘ಆನ್ಯುಯಲ್ ನೋಟಿಸ್ ಆಫ್ ಚೇಂಜ್’ ಅಂತ ಇರುತ್ತದೆ. ದಯವಿಟ್ಟು ಅದನ್ನು ಹುಡುಕಿ ತೆಗೆಯಿರಿ.

ನಾನು ಹೇಳಬೇಕಾದ್ದು ಒಂದೇ ಮಾತು. ನೀವು ತೆಗೆದುಕೊಳ್ಳುವ ಔಷಧಿಗಳನ್ನು ಮುಂದಿನ ವರ್ಷದ ಪ್ಲಾನ್ ಜೊತೆ ತಾಳೆ ನೋಡಿ. ಪ್ರತಿ ವರ್ಷ ನೋಡಿ.

ನಾನು ಫಾರ್ಮಸಿ ಕೌಂಟರ್ ಹಿಂದೆ ನಿಂತು ಕೆಲಸ ಮಾಡಿ ನಿವೃತ್ತಳಾದವಳು. ಜನವರಿ ಮೊದಲ ವಾರ ಆ ಕೌಂಟರ್ ಮುಂದೆ ಎಂಥ ಮುಖಗಳು ಇರುತ್ತವೆ ಅಂತ ನನಗೆ ಗೊತ್ತು. ನ್ಯೂಜೆರ್ಸಿಯಲ್ಲಿ ನಮಗೆ ಪರಿಚಯದ ದಂಪತಿ ಇದ್ದಾರೆ, ಹಾಸನದ ಕಡೆಯವರು. ಯಜಮಾನರು ಇಂಜಿನಿಯರ್ ಆಗಿದ್ದವರು, ಮನೆಯ ಪ್ರತಿಯೊಂದು ರಸೀದಿಗೂ ಫೈಲ್ ಇದೆ. ಆದರೆ ಆ ನೋಟಿಸ್ ಮಾತ್ರ ಜಾಹೀರಾತುಗಳ ರಾಶಿಯಲ್ಲಿ ಸೇರಿ ಹೋಗಿತ್ತು. ಪ್ರೀಮಿಯಂ ಸ್ವಲ್ಪ ಇಳಿದಿದೆ ಅಂತ ಅವರಿಗೆ ಖುಷಿಯೋ ಖುಷಿ. ಜನವರಿಯಲ್ಲಿ ಔಷಧಿ ತರಲು ಹೋದರೆ ಬಿಲ್ಲು ಎರಡು ಪಟ್ಟಿಗಿಂತ ಜಾಸ್ತಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಪ್ಲಾನಿನವರು ನಾವು ಹೆಚ್ಚು ದುಡ್ಡು ಕೊಡಬೇಕಾದ ಮೇಲಿನ ಶ್ರೇಣಿಗೆ ಏರಿಸಿದ್ದರು. ಜೊತೆಗೆ ಅವರು ಹೋಗುತ್ತಿದ್ದ ಅಂಗಡಿ ರಿಯಾಯಿತಿ ಪಟ್ಟಿಯಿಂದ ಹೊರಗೆ ಬಿದ್ದಿತ್ತು. “ಅದೇ ಮಾತ್ರೆ, ಅದೇ ಬಾಟಲಿ, ದುಡ್ಡು ಯಾಕೆ ಬೇರೆ?” ಅಂತ ಅವರ ಹೆಂಡತಿ ನನ್ನನ್ನು ಕೇಳಿದರು. ಏನು ಹೇಳಲಿ? ಅವರದು ಬರೀ ಔಷಧಿಯ ಪಾರ್ಟ್ ಡಿ ಪ್ಲಾನ್. ಡಿಸೆಂಬರ್ 7 ದಾಟಿತ್ತು. ಇಡೀ ವರ್ಷ ಅದೇ ರೇಟು ಕಟ್ಟಿದರು.

ಮುಂದಿನ ಅಕ್ಟೋಬರ್‌ನಲ್ಲಿ ಅವರ ಊಟದ ಮೇಜಿನ ಹತ್ತಿರ ಕೂತೆವು. ಆಕೆ ಒಂದು ಸ್ಟೀಲ್ ಡಬ್ಬಿ ತಂದು ಸುರಿದರು. ಬಿ.ಪಿ., ಶುಗರ್, ಕಣ್ಣಿಗೆ ಹಾಕುವ ಹನಿ, ನಡುವೆ ಊರಿಂದ ತಂದ ಮಾತ್ರೆಯ ಸ್ಟ್ರಿಪ್‌ಗಳು ಬೇರೆ. ಊರಿನವನ್ನು ಪಕ್ಕಕ್ಕಿಟ್ಟೆ, ಪ್ಲಾನಿನ ಲೆಕ್ಕಕ್ಕೆ ಅವು ಬರುವುದಿಲ್ಲ. ಉಳಿದ ಒಂದೊಂದನ್ನೂ ಯಜಮಾನರು ಭೂತಗನ್ನಡಿ ಹಿಡಿದು ಓದಿದರು: ಹೆಸರು, ಎಷ್ಟು ಮಿಲಿಗ್ರಾಂ, ತಿಂಗಳಿಗೆ ಎಷ್ಟು. ನಾನು ಮೆಡಿಕೇರ್ ಡಾಟ್ ಗವ್‌ನಲ್ಲಿ ಪ್ಲಾನ್ ಹುಡುಕುವ ಪುಟಕ್ಕೆ ಹಾಕುತ್ತಾ ಹೋದೆ. ಕೊನೆಗೆ ಪ್ರೀಮಿಯಂ ಮತ್ತು ಔಷಧಿ ಎರಡೂ ಕೂಡಿಸಿ ವರ್ಷದ ಖರ್ಚು ಎಷ್ಟು ಅಂತ ಅದೇ ತೋರಿಸಿತು. ಯಜಮಾನರಿಗೆ ಅಗ್ಗ ಬಿದ್ದದ್ದು ಪ್ರೀಮಿಯಂ ಜಾಸ್ತಿ ಇದ್ದ ಪ್ಲಾನ್! ಆಕೆಗೆ ಬೇರೆಯದೇ ಬಂತು. “ಗಂಡ ಹೆಂಡತಿ ಒಂದೇ ಪ್ಲಾನ್ ಅಲ್ವಾ?” ಅಂದರು. ಅಲ್ಲ. ಮೆಡಿಕೇರ್‌ನಲ್ಲಿ ಫ್ಯಾಮಿಲಿ ಪ್ಲಾನ್ ಅನ್ನುವುದೇ ಇಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ನೋಡಬೇಕು. ಹೊಸದಕ್ಕೆ ಸೇರಿದ ಮೇಲೆ ಹಳೆಯದು ತಾನಾಗಿಯೇ ರದ್ದಾಗುತ್ತದೆ, ಅದಕ್ಕೆ ಬೇರೆ ಅರ್ಜಿ ಬೇಡ.

“ಈಗ ಔಷಧಿ ಖರ್ಚಿಗೆ ಮಿತಿ ಬಂದಿದೆಯಲ್ಲ, ಇನ್ನು ನೋಡುವುದು ಏನಿದೆ?” ಅನ್ನುವವರಿದ್ದಾರೆ. ಹೌದು, 2025ರಲ್ಲಿ ಪಾರ್ಟ್ ಡಿಯಲ್ಲಿ ನಿಮ್ಮ ಕೈಯಿಂದ ಹೋಗುವುದು 2,000 ಡಾಲರ್‌ಗೆ ನಿಲ್ಲುತ್ತಿತ್ತು, 2026ಕ್ಕೆ 2,100. ಆದರೆ ಆ ಮಿತಿ ಪ್ಲಾನಿನ ಪಟ್ಟಿಯಲ್ಲಿ ಇರುವ ಔಷಧಿಗೆ ಮಾತ್ರ. ಪಟ್ಟಿಯಲ್ಲಿ ಇಲ್ಲದ ಮಾತ್ರೆಗೆ ನೀವು ಕೊಟ್ಟ ದುಡ್ಡು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ, ಪಟ್ಟಿ ನೋಡಿ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಸರ್ಕಾರವೇ ನಡೆಸುವ ಮೂಲ ಮೆಡಿಕೇರ್ ಬದಲು ಖಾಸಗಿ ಕಂಪನಿಯ ಅಡ್ವಾಂಟೇಜ್ ಪ್ಲಾನ್ ಇರುವವರು ನಿಮ್ಮ ಡಾಕ್ಟರ್ ಮುಂದಿನ ವರ್ಷವೂ ನೆಟ್‌ವರ್ಕ್‌ನಲ್ಲಿ ಇರುತ್ತಾರಾ ಅಂತ ಅವರ ಆಫೀಸಿಗೇ ಫೋನ್ ಮಾಡಿ ಕೇಳಿ. ಮೂಲ ಮೆಡಿಕೇರ್ ಕೊಡದೆ ಉಳಿಸಿದ ಪಾಲನ್ನು ತುಂಬುವ ಖಾಸಗಿ ಪಾಲಿಸಿ, ಅಂದರೆ ಮೆಡಿಗ್ಯಾಪ್ ಇರುವವರು ಅದನ್ನು ಅವಸರದಲ್ಲಿ ಬಿಡಬೇಡಿ. ಆಮೇಲೆ ವಾಪಸ್ ಬೇಕು ಅಂದರೆ ಹೆಚ್ಚಿನ ರಾಜ್ಯಗಳಲ್ಲಿ ಕಂಪನಿ ನಿಮ್ಮ ಕಾಯಿಲೆ ನೋಡಿ ಇಲ್ಲ ಅನ್ನಬಹುದು. ನೀವು ಕೇಳದೆ ಯಾರಾದರೂ ಫೋನ್ ಮಾಡಿ ಮೆಡಿಕೇರ್ ನಂಬರ್ ಕೇಳಿದರೆ ಫೋನ್ ಇಟ್ಟುಬಿಡಿ. ಮರ್ಯಾದೆ ನೋಡಬೇಡಿ.

ಚಳಿಗಾಲಕ್ಕೆ ಊರಿಗೆ ಹೋಗುವವರು ಬಹಳ ಜನ ಇದ್ದೀರಿ. ಬೆಂಗಳೂರಿನ ಆಸ್ಪತ್ರೆ ಬಿಲ್ಲಿಗೆ ಮೂಲ ಮೆಡಿಕೇರ್ ದುಡ್ಡು ಕೊಡುವುದಿಲ್ಲ. ಕೆಲವು ಮೆಡಿಗ್ಯಾಪ್ ಪಾಲಿಸಿಗಳು ಪ್ರವಾಸದ ಮೊದಲ 60 ದಿನದ ತುರ್ತು ಚಿಕಿತ್ಸೆಗೆ ಒಂದಿಷ್ಟು ಕೊಡುತ್ತವೆ, ನಿಮ್ಮದರಲ್ಲಿ ಇದೆಯಾ ನೋಡಿ. ನವೆಂಬರ್‌ಗೆ ಟಿಕೆಟ್ ಆಗಿದ್ದರೆ ಸೂಟ್‌ಕೇಸ್ ತುಂಬುವುದಕ್ಕೆ ಮೊದಲು ಈ ಕೆಲಸ ಮುಗಿಸಿ. ಒಬ್ಬರೇ ಮಾಡಲಾಗದಿದ್ದರೆ ಪ್ರತಿ ರಾಜ್ಯದಲ್ಲೂ ಶಿಪ್ ಅನ್ನುವ ಉಚಿತ ಸಲಹಾ ಸೇವೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಹೈಕ್ಯಾಪ್. ಅವರು ಯಾವ ಕಂಪನಿಯ ಏಜೆಂಟರೂ ಅಲ್ಲ. ಮೆಡಿಕೇರ್‌ನ ಸ್ವಂತ ನಂಬರ್ 1-800-633-4227. ಇಂಗ್ಲಿಷ್ ಕಷ್ಟ ಆದರೆ ದುಭಾಷಿ ಬೇಕು ಅಂತ ಕೇಳಿ, ಅದಕ್ಕೂ ದುಡ್ಡಿಲ್ಲ. ಕಾಯಿಸುತ್ತಾರೆ ಅಂತ ಇಟ್ಟುಬಿಡಬೇಡಿ. ನವೆಂಬರ್ ಕೊನೆಯ ಹೊತ್ತಿಗೆ ಇನ್ನೂ ಜಾಸ್ತಿ ಕಾಯಿಸುತ್ತಾರೆ, ಈ ವಾರವೇ ಮಾಡಿ.