ಎಡಗಾಲು ಬಿಡಿ, ತೊಡೆಯ ಹಿಂಭಾಗ ನೋಡಿ

ನಮಸ್ಕಾರ. ಫುಟ್‌ಬಾಲ್ ಆಡುವವರ ತೊಡೆಯ ಹಿಂಭಾಗದ ಬಲ ಮುಂಭಾಗಕ್ಕೆ ತಕ್ಕಂತೆ ಇರಬೇಕೆಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ಬ ಮಹಾಶಯರು ಬರೆದಿದ್ದಾರೆ: "ಬ್ರೆಜಿಲ್‌ನ ಗರಿಂಚಾನ ಎರಡು ಕಾಲೂ ಸೊಟ್ಟ, ಒಂದು ಗಿಡ್ಡ. ಆದರೂ ಎರಡು ವಿಶ್ವಕಪ್ ಗೆದ್ದ. ಕಾಲಿನ ಬಲ ಸಮ ಇರಬೇಕೆನ್ನುವುದು ಫಿಸಿಯೋಗಳ ಹೊಟ್ಟೆಪಾಡು." ಇದಕ್ಕೆ ಮೆಚ್ಚುಗೆಗಳ ಸುರಿಮಳೆ ಬೇರೆ!

ಸ್ವಾಮಿ, ಗರಿಂಚಾನದು ಮೂಳೆಯ ವಿಷಯ, ನಾನು ಹೇಳಿದ್ದು ಸ್ನಾಯುವಿನ ವಿಷಯ. ಅವನ 1962ರ ಆಟ ನಿಮಗೆ ನೆನಪಿದೆ, ಆಮೇಲೆ ಅವನ ಮಂಡಿ ಪಟ್ಟ ಪಾಡು ನೆನಪಿಲ್ಲ. ಅದೂ ಹೋಗಲಿ, ನಾನು ಎಡ-ಬಲದ ಮಾತನ್ನೇ ಎತ್ತಿರಲಿಲ್ಲ. ಒಂದೇ ಕಾಲಿನ ತೊಡೆಯ ಹಿಂದೆ-ಮುಂದೆ ನೋಡಿ ಎಂದಿದ್ದೆ.

ಎರಡೂ ಕಾಲಿನಲ್ಲಿ ಹೊಡೆಯುವುದು ಚೆಂದವೇ. ಜರ್ಮನಿಯ ಬ್ರೆಹ್ಮೆ 1986ರ ವಿಶ್ವಕಪ್‌ನಲ್ಲಿ ಮೆಕ್ಸಿಕೊ ವಿರುದ್ಧ ಪೆನಾಲ್ಟಿಯನ್ನು ಎಡಗಾಲಿನಿಂದ ಹೊಡೆದ, 1990ರ ಫೈನಲ್‌ನಲ್ಲಿ ಬಲಗಾಲಿನಿಂದ. ಅದು ಕೌಶಲ. ನೆದರ್ಲೆಂಡ್ಸ್‌ನ ರಾಬೆನ್ ಜೀವಮಾನವಿಡೀ ಎಡಗಾಲನ್ನೇ ನೆಚ್ಚಿದ. 2010ರ ವಿಶ್ವಕಪ್‌ಗೆ ಮುನ್ನ ಹಂಗೇರಿ ವಿರುದ್ಧದ ಪಂದ್ಯದಲ್ಲಿ ಅವನಿಗೆ ಕೈಕೊಟ್ಟದ್ದು ಬಾರದ ಬಲಗಾಲೇ? ಅಲ್ಲ, ಹ್ಯಾಮ್‌ಸ್ಟ್ರಿಂಗ್. ತೊಡೆಯ ಹಿಂಭಾಗದ ಸ್ನಾಯು!

ಚೆಂಡನ್ನು ಒದೆಯುವಾಗ ಮಂಡಿಯನ್ನು ನೆಟ್ಟಗೆ ಮಾಡುವುದು ತೊಡೆಯ ಮುಂಭಾಗ. ವೇಗವಾಗಿ ಓಡುವಾಗ ಮುಂದೆ ಬೀಸಿದ ಕಾಲನ್ನು ನೆಲ ಮುಟ್ಟುವ ಮೊದಲು ತಡೆದು ಹಿಡಿಯುವುದು ಹಿಂಭಾಗ. ಅದು ಉದ್ದವಾಗಿ ಎಳೆಯಲ್ಪಡುತ್ತಲೇ ಭಾರ ಹೊರಬೇಕು. ಸ್ನಾಯು ಹರಿಯುವುದು ಆ ಕ್ಷಣದಲ್ಲೇ. ಮುಂಭಾಗದ ಬಲದಲ್ಲಿ ಶೇ 60ರಷ್ಟಾದರೂ ಹಿಂಭಾಗಕ್ಕೆ ಇರಬೇಕೆನ್ನುವುದು ಹಳೆಯ ಲೆಕ್ಕ. ನಮ್ಮ ಹುಡುಗರು ಜಿಮ್‌ಗೆ ಹೋದರೆ ಕನ್ನಡಿಯಲ್ಲಿ ಕಾಣುವುದನ್ನಷ್ಟೇ ಬೆಳೆಸುತ್ತಾರೆ. ಹಿಂಭಾಗ ಕನ್ನಡಿಯಲ್ಲಿ ಕಾಣುವುದಿಲ್ಲವಲ್ಲ!

ಅಂದ ಹಾಗೆ, ನಮ್ಮ ವಾಹಿನಿಯ ಟೀ ಶರ್ಟ್ ಬಂದಿದೆ. ಬರಹವಿರುವುದು ಬೆನ್ನಿನ ಮೇಲೆ ಮಾತ್ರ. ಏಕೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಕೊಂಡಿ ಕೆಳಗಿದೆ.

ಯುರೋಪಿನ ದೊಡ್ಡ ಕ್ಲಬ್‌ಗಳಲ್ಲಿ 2001-02ರ ಋತುವಿನಲ್ಲಿ ಒಟ್ಟು ಗಾಯಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಪಾಲು ಶೇ 12. 2021-22ರಲ್ಲಿ ಶೇ 24. ದುಪ್ಪಟ್ಟು! ಹಣಕ್ಕೆ ಬರವಿಲ್ಲದವರ ಗತಿಯೇ ಇದು. ನೀವಿನ್ನೂ "ಎಡಗಾಲಿನಲ್ಲಿ ಹೊಡೆಯೋ" ಎಂದು ಕೂಗುತ್ತಾ ಕುಳಿತಿದ್ದೀರಿ.

ಈಗ ಒಬ್ಬ ಪಂಡಿತರು ಬರುತ್ತಾರೆ. ಕತಾರ್‌ನಲ್ಲಿ 614 ವೃತ್ತಿಪರ ಆಟಗಾರರನ್ನು ಯಂತ್ರಕ್ಕೆ ಕೂರಿಸಿ ತೊಡೆಯ ಬಲ ಅಳೆದರಂತೆ, ಯಾರಿಗೆ ಗಾಯವಾಗುತ್ತದೆಂದು ಆ ಅಳತೆಯಿಂದ ಮೊದಲೇ ಹೇಳಲು ಆಗಲಿಲ್ಲವಂತೆ. ಆಗದಿರಲಿ! ಹವಾಮಾನ ಇಲಾಖೆ ಹೇಳಿದ ದಿನ ಮಳೆ ಬರಲಿಲ್ಲವೆಂದು ಕೊಡೆಯನ್ನು ಒಲೆಗೆ ಹಾಕುತ್ತೀರಾ? ಡೆನ್ಮಾರ್ಕ್‌ನಲ್ಲಿ 942 ಆಟಗಾರರನ್ನು ಎರಡು ಪಾಲು ಮಾಡಿದರು. ಹಿಂಭಾಗಕ್ಕೆ ನಾರ್ಡಿಕ್ ವ್ಯಾಯಾಮ ಮಾಡಿದವರಲ್ಲಿ 15 ಹ್ಯಾಮ್‌ಸ್ಟ್ರಿಂಗ್ ಗಾಯ, ಮಾಡದವರಲ್ಲಿ 52. ಪಂಡಿತರೇ, ಇದಕ್ಕೇನು ಹೇಳುತ್ತೀರಿ? ಏನೂ ಹೇಳುವುದಿಲ್ಲ. ವಾಹಿನಿಗೆ ಚಂದಾದಾರರಾಗಿ, ಅಷ್ಟು ಸಾಕು.

ಈ ವ್ಯಾಯಾಮಕ್ಕೆ ಯಂತ್ರವೂ ಬೇಡ, ಕಾಸೂ ಬೇಡ. ಮಂಡಿಯೂರಿ. ಗೆಳೆಯನೊಬ್ಬ ಹಿಂದಿನಿಂದ ಕಣಕಾಲು ಒತ್ತಿ ಹಿಡಿಯಲಿ. ಸೊಂಟ ಬಗ್ಗಿಸದೆ, ಮೈಯನ್ನು ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗಿ. ಅರ್ಧ ದಾರಿಯಲ್ಲೇ ತೊಡೆ ಗಡಗಡ ನಡುಗಿ ದೊಪ್ಪೆಂದು ಬೀಳುತ್ತೀರಿ, ಅಂಗೈ ಮುಂದಿರಲಿ. "ನನ್ನ ಕಾಲು ಕಬ್ಬಿಣ" ಎನ್ನುವ ಸ್ಟ್ರೈಕರ್‌ಗಳು ಹೀಗೆ ಮುಖ ಅಡಿಯಾಗಿ ಬೀಳುವುದನ್ನು ನೋಡುವುದೇ ಒಂದು ಸುಖ.

"ಪೆಲೆ ಮಾಡಿದ್ದರೇ?" ಎಂದು ಕೇಳಬೇಡಿ. ನೀವು ಪೆಲೆ ಅಲ್ಲ. "ನನಗೆ ಏನೂ ಆಗಿಲ್ಲ" ಎನ್ನಬೇಡಿ, ನೀವು ಓಡುವುದೇ ಇಲ್ಲ, ನಿಂತಲ್ಲೇ ಪಾಸ್ ಕೇಳುತ್ತೀರಿ. ಹಿಂಭಾಗ! ಹಿಂಭಾಗ! ಇನ್ನೆಷ್ಟು ಸಲ ಹೇಳಲಿ? ಕ್ಯಾಮೆರಾ ಹಿಡಿದವನೂ ನಗುತ್ತಿದ್ದಾನೆ. ನಗಪ್ಪ, ಮೊದಲು ಬಾಗಿ ನಿನ್ನ ಕಾಲ್ಬೆರಳು ಮುಟ್ಟು ನೋಡೋಣ.

ಮುಂದಿನ ವಾರ ಗೋಲ್‌ಕೀಪರ್‌ಗಳ ಬಗ್ಗೆ ಮಾತು. ಅವರಿಗೂ ತೊಡೆಗೆ ಹಿಂಭಾಗ ಎಂಬುದೊಂದಿದೆ.