ತಲೆ ಎಣಿಸಿ ಬ್ಯಾಂಡ್‌ವಿಡ್ತ್ ಅಳೆಯಲಾಗದು

ಕಚೇರಿಯೊಂದಕ್ಕೆ ಇಂಟರ್ನೆಟ್ ಸಂಪರ್ಕದ ಬ್ಯಾಂಡ್‌ವಿಡ್ತ್, ಅಂದರೆ ಒಂದು ಸೆಕೆಂಡಿನಲ್ಲಿ ಅದು ಸಾಗಿಸಬಲ್ಲ ದತ್ತಾಂಶದ ಪ್ರಮಾಣ, ಎಷ್ಟು ಬೇಕು ಎಂಬ ಪ್ರಶ್ನೆ ಬಂದಾಗ ಹೆಚ್ಚಿನ ಕಡೆ ನಡೆಯುವ ಲೆಕ್ಕ ಒಂದೇ. ವಿಡಿಯೊ ಸಭೆಯ ತಂತ್ರಾಂಶ ಒದಗಿಸುವವರ ಕೋಷ್ಟಕವನ್ನು ತೆರೆದು, ಒಬ್ಬ ಬಳಕೆದಾರರಿಗೆ ಎಂದು ಅಲ್ಲಿ ಬರೆದಿರುವ ಅತಿ ದೊಡ್ಡ ಸಂಖ್ಯೆಯನ್ನು ಆರಿಸಿ, ಅದನ್ನು ಸಿಬ್ಬಂದಿಯ ಸಂಖ್ಯೆಯಿಂದ ಗುಣಿಸುತ್ತಾರೆ. ಬಂದ ಮೊತ್ತ ದುಬಾರಿಯೆಂದು ಕಂಡರೆ ಅದನ್ನು ಅರ್ಧಕ್ಕೆ ಇಳಿಸುತ್ತಾರೆ. ಅರ್ಧವೇ ಏಕೆ, ಮೂರನೇ ಒಂದು ಭಾಗ ಏಕಲ್ಲ ಎಂದು ಕೇಳಿದರೆ ಗುಣಿಸಿದವರ ಬಳಿಯೂ ಉತ್ತರವಿರುವುದಿಲ್ಲ, ಇಳಿಸಿದವರ ಬಳಿಯೂ ಇರುವುದಿಲ್ಲ. ಈ ಕ್ರಮವನ್ನು ನಾವು ಕೈಬಿಡಬೇಕು, ಸಿಬ್ಬಂದಿ ಪಟ್ಟಿಯನ್ನು ಬದಿಗಿಟ್ಟು ಸಭೆಗಳ ಕ್ಯಾಲೆಂಡರಿನಿಂದ ಅಂದಾಜು ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಧ್ವನಿಯನ್ನು ನೋಡೋಣ, ಏಕೆಂದರೆ ಕೋಷ್ಟಕದ ಸಂಖ್ಯೆಗೂ ತಂತಿಯ ಮೇಲಿನ ಸಂಖ್ಯೆಗೂ ಇರುವ ಅಂತರ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ದೂರವಾಣಿ ಜಗತ್ತಿನ ಹಳೆಯ ಕೊಡೆಕ್ (ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ವಿಧಾನ) ಆದ ಜಿ.711 ಸೆಕೆಂಡಿಗೆ 8,000 ಮಾದರಿಗಳನ್ನು ತಲಾ 8 ಬಿಟ್‌ಗಳಲ್ಲಿ ದಾಖಲಿಸುವುದರಿಂದ ಅದರ ವೇಗ ಸೆಕೆಂಡಿಗೆ 64 ಕಿಲೋಬಿಟ್ ಎಂದು ಎಲ್ಲೆಡೆ ಬರೆದಿರುತ್ತಾರೆ. ಆದರೆ ಆ ಧ್ವನಿ ಜಾಲದಲ್ಲಿ ಹರಿಯುವುದು 20 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 50 ಪ್ಯಾಕೆಟ್‌ಗಳಾಗಿ, ಅಂದರೆ ಸಣ್ಣ ಕಟ್ಟುಗಳಾಗಿ. ಪ್ರತಿಯೊಂದರಲ್ಲೂ 160 ಬೈಟ್ ಧ್ವನಿಯ ಜೊತೆಗೆ ಐಪಿ, ಯುಡಿಪಿ ಮತ್ತು ಆರ್‌ಟಿಪಿ ಎಂಬ ಜಾಲ ನಿಯಮಗಳ ಹೆಡರ್‌ಗಳೆಂದು (ವಿಳಾಸ, ಕ್ರಮ ಮುಂತಾದ ವಿವರಗಳು) ಇನ್ನೂ 40 ಬೈಟ್ ಸೇರಿಕೊಂಡು 64 ಇದ್ದದ್ದು 80 ಕಿಲೋಬಿಟ್ ಆಗುತ್ತದೆ. ಕಚೇರಿಯೊಳಗಿನ ತಂತಿ ಜಾಲವಾದ ಈಥರ್ನೆಟ್‌ನ 18 ಬೈಟ್ ಸೇರಿದರೆ ಅದು 87 ದಾಟುತ್ತದೆ. 8 ಕಿಲೋಬಿಟ್‌ನ ಜಿ.729 ಕೊಡೆಕ್‌ನಲ್ಲಿ ಅದೇ 20 ಮಿಲಿಸೆಕೆಂಡಿನ ಧ್ವನಿ ಕೇವಲ 20 ಬೈಟ್, ಹೆಡರ್ ಮಾತ್ರ ಅದೇ 40 ಬೈಟ್. ಅಂದರೆ ಸಾಗಿಸುವ ಸರಕಿಗಿಂತ ಮೂಟೆಯೇ ಎರಡು ಪಟ್ಟು ಭಾರ, ಮತ್ತು ನಿಜವಾಗಿ ತಗಲುವುದು 24 ಕಿಲೋಬಿಟ್. 2012ರಲ್ಲಿ ಪ್ರಮಾಣೀಕೃತವಾದ, ಇಂದು ಬಹಳ ಕಡೆ ಬಳಕೆಯಲ್ಲಿರುವ ಓಪಸ್ ಕೊಡೆಕ್ 6ರಿಂದ 510 ಕಿಲೋಬಿಟ್‌ವರೆಗೆ ಎಲ್ಲಿ ಬೇಕಾದರೂ ನಿಲ್ಲಬಲ್ಲದು. ಹೀಗಿದ್ದರೂ ಒಂದು ಧ್ವನಿ ಕರೆಗೆ ಪ್ರತಿ ದಿಕ್ಕಿನಲ್ಲಿ 100 ಕಿಲೋಬಿಟ್ ಎಂದು ಹಿಡಿದರೆ ಸಾಕು. ಧ್ವನಿಯ ಗಾತ್ರ ಇಂದು ಯಾರಿಗೂ ದೊಡ್ಡ ಹೊರೆಯಲ್ಲ.

ಎಷ್ಟು ಜನ ಏಕಕಾಲಕ್ಕೆ ಮಾತನಾಡುತ್ತಾರೆ ಎಂಬುದು ಇದಕ್ಕಿಂತ ಕಠಿಣವಾದ ಪ್ರಶ್ನೆ. ಅದನ್ನು ಗಣಿತದಿಂದ ಬಿಡಿಸಿದವರಲ್ಲಿ ಮೊದಲಿಗರು ಕೋಪನ್‌ಹೇಗನ್‌ನ ದೂರವಾಣಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಅಗ್ನರ್ ಕ್ರಾರುಪ್ ಎರ್ಲಾಂಗ್. 1909ರಲ್ಲಿ ಮತ್ತು 1917ರಲ್ಲಿ ಅವರು ಪ್ರಕಟಿಸಿದ ಲೇಖನಗಳಿಂದ ಬಂದ, ಎಷ್ಟು ಕರೆಗಳಿಗೆ ಎಷ್ಟು ಮಾರ್ಗಗಳು ಬೇಕೆಂದು ಹೇಳುವ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಒಂದು ಮಾರ್ಗ ಪೂರ್ತಿ ಒಂದು ಗಂಟೆ ಕರೆಯಲ್ಲಿ ತೊಡಗಿದ್ದರೆ ಅದು ಒಂದು ಎರ್ಲಾಂಗ್. ನೂರರಲ್ಲಿ ಒಂದಕ್ಕಿಂತ ಹೆಚ್ಚು ಕರೆಗಳು ತಿರಸ್ಕೃತವಾಗಬಾರದು ಎಂದಾದರೆ 10 ಎರ್ಲಾಂಗ್ ಸಂಚಾರಕ್ಕೆ 18 ಮಾರ್ಗಗಳು ಬೇಕು, 100 ಎರ್ಲಾಂಗ್‌ಗೆ 117 ಸಾಕು. ಗುಂಪು ದೊಡ್ಡದಾದಷ್ಟೂ ಪಕ್ಕಕ್ಕೆ ಇಡಬೇಕಾದ ಹೆಚ್ಚುವರಿ ಪಾಲು ಕುಗ್ಗುತ್ತದೆ. ದೊಡ್ಡ ಕಚೇರಿಯ ಅನುಪಾತವನ್ನು ಸಣ್ಣ ಶಾಖೆಗೆ ಹಾಗೆಯೇ ಹೊಂದಿಸಿದರೆ ಆ ಶಾಖೆ ಕಷ್ಟಕ್ಕೆ ಸಿಲುಕುವುದು ಇದೇ ಕಾರಣಕ್ಕೆ.

ಆದರೆ ಎರ್ಲಾಂಗ್ ಅವರ ಲೆಕ್ಕಕ್ಕೆ ಒಂದು ಆಧಾರವಿದೆ: ಕರೆ ಮಾಡುವವರು ಒಬ್ಬರನ್ನೊಬ್ಬರು ಕೇಳಿಕೊಂಡು ಕರೆ ಮಾಡುವುದಿಲ್ಲ, ಕರೆಗಳು ಪರಸ್ಪರ ಸಂಬಂಧವಿಲ್ಲದೆ ಬರುತ್ತವೆ. ಸಭೆಗಳ ಮಟ್ಟಿಗೆ ಈ ಆಧಾರವೇ ಕುಸಿಯುತ್ತದೆ. ಹತ್ತು ಗಂಟೆಗೆ ಎಂದು ನಿಗದಿಯಾದ ಸಭೆಗೆ ಎಲ್ಲರೂ ಹತ್ತು ಗಂಟೆಗೇ ಸೇರುತ್ತಾರೆ, ಕಚೇರಿಯ ಬಹುಪಾಲು ಸಭೆಗಳು ನಿಗದಿಯಾಗುವುದೂ ಗಂಟೆ ಹೊಡೆಯುವ ಹೊತ್ತಿಗೇ. ಹೀಗಾಗಿ ದಿನದ ಸರಾಸರಿಯಿಂದಲೋ ಹಳೆಯ ದೂರವಾಣಿ ಕೋಷ್ಟಕದಿಂದಲೋ ಹೊರಟವರ ಅಂದಾಜು ಅಗತ್ಯಕ್ಕಿಂತ ಕೆಳಗೆ ಬೀಳುತ್ತದೆ. ತಲೆ ಎಣಿಸಿದವರ ಅಂದಾಜು ಎಷ್ಟೋ ಮೇಲೆ ಹೋಗಿ ನಿಲ್ಲುತ್ತದೆ. ಸರಿಯಾದ ಸಂಖ್ಯೆ ಇರುವುದು ಕ್ಯಾಲೆಂಡರಿನಲ್ಲಿ. ಕಳೆದ ನಾಲ್ಕು ವಾರಗಳಲ್ಲಿ ಅತಿ ಹೆಚ್ಚು ಜನ ಏಕಕಾಲಕ್ಕೆ ಸಭೆಯಲ್ಲಿದ್ದ ಆ ಹದಿನೈದು ನಿಮಿಷ ಯಾವುದು, ಅವರಲ್ಲಿ ಎಷ್ಟು ಜನ ಕ್ಯಾಮೆರಾ ತೆರೆದಿದ್ದರು ಎಂದು ಹುಡುಕುವುದು ಅರ್ಧ ದಿನದ ಕೆಲಸ.

ಆ ಸಂಖ್ಯೆ ಸಿಕ್ಕ ಮೇಲೆ ಅಪ್‌ಲೋಡ್ ಮತ್ತು ಡೌನ್‌ಲೋಡ್ ಎರಡನ್ನೂ ಬೇರೆ ಬೇರೆಯಾಗಿ ಕೂಡಬೇಕು. ಗುಂಪು ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ಚಿತ್ರವನ್ನು ಸರ್ವರ್‌ಗೆ ಕಳಿಸುತ್ತಾರೆ, ಸರ್ವರ್ ಉಳಿದವರ ಚಿತ್ರಗಳನ್ನು ಅವರಿಗೆ ತಲುಪಿಸುತ್ತದೆ. ಆದ್ದರಿಂದ ಸಾಮಾನ್ಯವಾಗಿ ಇಳಿಯುವ ಹರಿವು ಏರುವುದಕ್ಕಿಂತ ಹೆಚ್ಚು. ಅಕ್ಕಪಕ್ಕದ ಮೇಜಿನಲ್ಲಿ ಕುಳಿತ ಇಬ್ಬರು ಅದೇ ಗುಂಪು ಸಭೆಯಲ್ಲಿದ್ದರೂ ಅವರ ಚಿತ್ರ ಕಚೇರಿಯ ಲಿಂಕ್ (ಇಂಟರ್ನೆಟ್ ಸಂಪರ್ಕ) ದಾಟಿ ಸರ್ವರ್‌ಗೆ ಹೋಗಿ ಮರಳಿ ಬರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಉದಾಹರಣೆಗೆ 200 ಜನರ ಕಚೇರಿಯೊಂದನ್ನು ಊಹಿಸಿಕೊಳ್ಳೋಣ. ಅತಿ ಒತ್ತಡದ ಹದಿನೈದು ನಿಮಿಷದಲ್ಲಿ 60 ಜನ ಸಭೆಯಲ್ಲಿದ್ದಾರೆ, 40 ಜನರ ಕ್ಯಾಮೆರಾ ತೆರೆದಿದೆ. ಕ್ಯಾಮೆರಾ ತೆರೆದವರಿಗೆ 1.5 ಮೆಗಾಬಿಟ್ ಅಪ್‌ಲೋಡ್, ಉಳಿದ ಇಪ್ಪತ್ತು ಜನರ ಧ್ವನಿಗೆ ತಲಾ 0.1 ಎಂದು ಹಿಡಿದರೆ ಮೇಲ್ಮುಖದ ಅಗತ್ಯ 62 ಮೆಗಾಬಿಟ್. ಒಬ್ಬೊಬ್ಬರಿಗೆ 2.5ರಂತೆ ಕೆಳಮುಖದ್ದು 150 ಮೆಗಾಬಿಟ್. ಲಿಂಕ್ ಶೇಕಡಾ 70ಕ್ಕಿಂತ ಹೆಚ್ಚು ತುಂಬಬಾರದು ಎಂಬ ನಿಯಮವನ್ನು ನಾನು ಪಾಲಿಸುತ್ತೇನೆ. ಅದರಂತೆ ಅವು ಸುಮಾರು 90 ಮತ್ತು 215 ಆಗುತ್ತವೆ. ಕಡತ ಹಂಚಿಕೆ, ತಂತ್ರಾಂಶ ನವೀಕರಣ, ಬ್ರೌಸಿಂಗ್ ಇವುಗಳನ್ನು ಅಳೆದು ಇದರ ಮೇಲೆ ಸೇರಿಸಬೇಕು. ಇದೇ ಕಚೇರಿಗೆ ತಲೆಗೆ 4 ಮೆಗಾಬಿಟ್‌ನಂತೆ ಗುಣಿಸಿದ್ದರೆ 800 ಬರುತ್ತಿತ್ತು. ಕೋಷ್ಟಕಗಳಲ್ಲಿ ಕನಿಷ್ಠ, ಶಿಫಾರಸು ಮಾಡಿದ್ದು, ಅತ್ಯುತ್ತಮ ಎಂದು ಬೇರೆ ಬೇರೆ ಮಟ್ಟಗಳಿರುವುದು, ಯಾವ ಗುಣಮಟ್ಟ ಬೇಕೆಂದು ನಾವೇ ನಿರ್ಧರಿಸಲಿ ಎಂಬ ಉದ್ದೇಶದಿಂದ. ಆ ನಿರ್ಧಾರವನ್ನು ಯಾರೂ ಮಾಡದೆ ಹೋದಾಗ ದೊಡ್ಡ ಸಂಖ್ಯೆ ತಾನಾಗಿಯೇ ಬಂದು ಕೂರುತ್ತದೆ.

ಹಾಗಾದರೆ ಈಗಿರುವ ಬಳಕೆಯನ್ನೇ ಅಳೆದು ಅದನ್ನೇ ಅಗತ್ಯವೆಂದು ಏಕೆ ಹಿಡಿಯಬಾರದು ಎಂದು ನೀವು ಕೇಳಬಹುದು. ಅಳೆಯಲೇಬೇಕು, ಆದರೆ ಅಳತೆಯನ್ನು ಓದುವಾಗ ಎಚ್ಚರ ಬೇಕು. ಇಂದಿನ ಸಭಾ ತಂತ್ರಾಂಶಗಳೆಲ್ಲವೂ ಲಭ್ಯವಿರುವ ದಾರಿಗೆ ತಕ್ಕಂತೆ ತಮ್ಮನ್ನು ಕುಗ್ಗಿಸಿಕೊಳ್ಳುತ್ತವೆ. ಲಿಂಕ್ ಇಕ್ಕಟ್ಟಾದಾಗ ಅವು ಚಿತ್ರದ ಸ್ಪಷ್ಟತೆಯನ್ನು ಇಳಿಸುತ್ತವೆ, ಬಳಕೆಯ ಗ್ರಾಫ್ ಸಮತಟ್ಟಾಗಿ ನಿಲ್ಲುತ್ತದೆ, ಅದನ್ನು ನೋಡಿದವರು ಇಷ್ಟೇ ಸಾಕಾಗುತ್ತಿದೆ ಎಂದು ತಿಳಿಯುತ್ತಾರೆ. ಹಸಿದವನಿಗೆ ಬಡಿಸಿದ್ದನ್ನು ತೂಗಿ ಅವನ ಹಸಿವು ಇಷ್ಟೇ ಎಂದು ಬರೆದಿಟ್ಟ ಹಾಗೆ ಅದು.

ಇದು ನನಗೆ ಮನವರಿಕೆಯಾದದ್ದು ಹಿಂದೆ ನಾನಿದ್ದ ಒಂದು ಕಚೇರಿಯಲ್ಲಿ. ಪ್ರತಿ ಗಂಟೆಯ ಆರಂಭದಲ್ಲಿ ಮಾತು ತುಂಡು ತುಂಡಾಗುತ್ತಿದೆ ಎಂಬ ದೂರು ತಿಂಗಳುಗಟ್ಟಲೆ ಬರುತ್ತಿತ್ತು. ಐದು ನಿಮಿಷದ ಸರಾಸರಿ ತೋರಿಸುವ ಗ್ರಾಫಿನಲ್ಲಿ ಮಾತ್ರ ಅಪ್‌ಲೋಡ್ ಎಂದೂ ಅರ್ಧ ದಾಟುತ್ತಿರಲಿಲ್ಲ. ಸೆಕೆಂಡಿಗೊಮ್ಮೆ ಅಳೆದಾಗ ಕಾರಣ ಕಂಡಿತು: ಹಿಂದಿನ ಸಭೆ ಮುಗಿದೊಡನೆ ಕಂಪ್ಯೂಟರುಗಳು ಅದರ ಧ್ವನಿಮುದ್ರಣ ಮತ್ತು ಕಡತಗಳನ್ನು ಮೇಲಕ್ಕೆ ಕಳಿಸುತ್ತಿದ್ದವು, ಆ ಕೆಲವು ಸೆಕೆಂಡುಗಳಲ್ಲಿ ರೂಟರಿನ ಬಫರ್, ಅಂದರೆ ದತ್ತಾಂಶ ಸರತಿಯಲ್ಲಿ ಕಾಯುವ ಜಾಗ, ತುಂಬಿ ನಿಲ್ಲುತ್ತಿತ್ತು. 20 ಮೆಗಾಬಿಟ್‌ನ ಅಪ್‌ಲೋಡ್ ದಾರಿಯ ಮುಂದೆ 1 ಮೆಗಾಬೈಟ್‌ನ ಸರತಿ ನಿಂತರೆ ಅದು ಕರಗಲು 400 ಮಿಲಿಸೆಕೆಂಡ್ ಬೇಕು. ಧ್ವನಿ ಒಂದು ತುದಿಯಿಂದ ಇನ್ನೊಂದಕ್ಕೆ ತಲುಪಲು 150 ಮಿಲಿಸೆಕೆಂಡ್ ಮೀರದಿದ್ದರೆ ಒಳ್ಳೆಯದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಜಿ.114 ಶಿಫಾರಸು ಹೇಳುತ್ತದೆ. ಆ ಕಚೇರಿ ಹೆಚ್ಚು ಬ್ಯಾಂಡ್‌ವಿಡ್ತ್ ಕೊಂಡಿದ್ದರೆ ಸರತಿ ಬೇಗ ಕರಗುತ್ತಿತ್ತೇ ಹೊರತು ಮಾತು ಅದರ ಹಿಂದೆ ಕಾಯುವುದು ತಪ್ಪುತ್ತಿರಲಿಲ್ಲ. ನಾವು ಮಾಡಿದ್ದು ರೂಟರಿನಲ್ಲಿ ಧ್ವನಿಗೆ ಪ್ರತ್ಯೇಕ ಸರತಿ ಮತ್ತು ಆದ್ಯತೆ ಕೊಟ್ಟು, ಕಡತಗಳ ಅಪ್‌ಲೋಡ್‌ಗೆ ಮಿತಿ ಹಾಕಿದ್ದು. ಒಂದು ಸಂಜೆಯ ಕೆಲಸಕ್ಕೆ ಆ ದೂರುಗಳು ನಿಂತವು. ಅಷ್ಟು ತಿಂಗಳು ಆ ಸಹೋದ್ಯೋಗಿಗಳು ತಮ್ಮ ಮಾತನ್ನು ಎರಡೆರಡು ಬಾರಿ ಹೇಳಬೇಕಾಯಿತಲ್ಲ ಎಂಬ ನೋವು ನನಗೆ ಈಗಲೂ ಇದೆ.

ಮನೆಯಿಂದ ಕೆಲಸ ಮಾಡುವವರನ್ನು ಕಚೇರಿಯ ಜಾಲಕ್ಕೆ ಸೇರಿಸುವ ಸುರಕ್ಷಿತ ದಾರಿಯಾದ ವಿಪಿಎನ್ ಕೂಡ ಇದೇ ಲೆಕ್ಕಕ್ಕೆ ಸೇರಬೇಕು. ಅವರ ಸಭೆಯ ಸಂಚಾರ ಕಚೇರಿಯ ಮೂಲಕ ಹಾದುಹೋದರೆ ಒಬ್ಬರ ಒಂದೇ ಸಭೆ ಅದೇ ಲಿಂಕನ್ನು ಒಳಗೂ ಹೊರಗೂ ಎರಡು ಬಾರಿ ತುಂಬುತ್ತದೆ. ಸಭೆಯ ಸಂಚಾರವನ್ನು ವಿಪಿಎನ್‌ನಿಂದ ಹೊರಗಿಟ್ಟು ನೇರವಾಗಿ ಇಂಟರ್ನೆಟ್‌ಗೆ ಬಿಡುವ ವ್ಯವಸ್ಥೆ ಹಲವು ಕಡೆ ಸಾಧ್ಯವಿದೆ.

ಕ್ಯಾಲೆಂಡರ್ ಲೆಕ್ಕಕ್ಕೂ ಜಗ್ಗದ ಒಂದು ಸಂದರ್ಭ ಉಳಿಯುತ್ತದೆ, ಅದು ಇಡೀ ಸಂಸ್ಥೆ ಸೇರುವ ಸಭೆ. ಅಂದು ಮಾತನಾಡುವವರು ಒಬ್ಬರೇ ಆದ್ದರಿಂದ ಅಪ್‌ಲೋಡ್ ಲೆಕ್ಕಕ್ಕೇ ಬರುವುದಿಲ್ಲ. ಆದರೆ ನಮ್ಮ ಉದಾಹರಣೆಯ 200 ಜನ ತಮ್ಮ ತಮ್ಮ ಪರದೆಯಲ್ಲಿ ನೋಡಿದರೆ ಡೌನ್‌ಲೋಡ್ 500 ಮೆಗಾಬಿಟ್ ಮುಟ್ಟುತ್ತದೆ. ತಿಂಗಳಿಗೊಮ್ಮೆ ಬರುವ ಆ ಒಂದು ಗಂಟೆಗಾಗಿ ವರ್ಷವಿಡೀ ಎರಡು ಪಟ್ಟು ದೊಡ್ಡ ಲಿಂಕಿಗೆ ಹಣ ಕೊಡಬೇಕೇ ಎಂಬುದನ್ನು ಜಾಲ ನೋಡಿಕೊಳ್ಳುವವರ ತಲೆಗೆ ಕಟ್ಟುವುದು ಸರಿಯಲ್ಲ, ಅದು ಆಡಳಿತ ವರ್ಗ ತೆಗೆದುಕೊಳ್ಳಬೇಕಾದ ನಿರ್ಧಾರ. ನನ್ನನ್ನು ಕೇಳಿದರೆ, ಇಪ್ಪತ್ತು ಇಪ್ಪತ್ತು ಜನರಂತೆ ಹತ್ತು ಕೊಠಡಿಗಳಲ್ಲಿ ಒಂದೊಂದು ದೊಡ್ಡ ಪರದೆಯ ಮುಂದೆ ಕೂರಿಸುತ್ತೇನೆ. ಆಗ ಅದೇ ಸಭೆಗೆ 25 ಮೆಗಾಬಿಟ್ ಸಾಕು.